ಎತ್ತಿದ ಕೈ

ಅತ್ತಿಮರದಕೊಪ್ಪಲು,
ಬಸರಾಳು ಹೋಬಳಿ
೧೮-೮-೧೯೭೪

ನಮ್ಮ ಮನೆಯವರಿಗೆ,

ಇಂದ್ರಮ್ಮ ಮಾಡುವ ನಮಸ್ಕಾರ. ಬ್ಲಫ್‌ನಲ್ಲಿ ನೀವೂ, ನಾದಿನಿ ಚಿಕ್ಕಬೋರಮ್ಮನೂ, ಅವಳ ಯಜಮಾನರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಅದು ಕರೆಂಟು ಹುಟ್ಟುವ ಊರು, ರಾತ್ರಿಯೆಲ್ಲ ದೀಪ ಉರಿಯುತ್ತದಂತೆ. ಬೆಳಕಿದ್ದರೆ ನಿಮಗೆ ನಿದ್ದೆ ಹತ್ತುವುದಿಲ್ಲ. ಕಿಟಕಿಗೆ ಒಂದು ಪಂಚೆಯನ್ನಾದರೂ ಅಡ್ಡ ಕಟ್ಟಿಕೊಳ್ಳಿ.

ಇಲ್ಲಿ ನಾನು ಚೆನ್ನಾಗಿದ್ದೇನೆ. ಕಪ್ಪು ಹಸು ಹೆಣ್ಣುಗರು ಹಾಕಿದೆ. ಗದ್ದೆಯ ನಾಟಿ ಮುಗಿಯಿತು. ಊರಿನ ಆಳುಗಳು ಬರಲಿಲ್ಲ, ಕೇರಿಯ ಹೆಂಗಸರೇ ಬಂದು ನೆಟ್ಟುಕೊಟ್ಟರು.

ಯುಗಾದಿ ಆದ ಮರುವಾರ ನೀವು ಹೋದಿರಿ. ಹೋಗುವಾಗ ನೀವು ಕೇಳಿದ್ದಕ್ಕೆ ನಾನು ಬಾಯಿ ಬಿಡಲಿಲ್ಲ. ಅದನ್ನು ಈಗ ಬರೆಯುತ್ತೇನೆ. ಎಷ್ಟೋ ನಿಮಗೆ ಗೊತ್ತಿರುವುದೇ. ಮೊದಲಿಂದ ಬರೆದರೆ ನನಗೇ ತಿಳಿಯಾಗುತ್ತದೆ.

ಪಂಚಾಯ್ತಿಯ ಹೆಂಗಸರ ಜಾಗಕ್ಕೆ ನನ್ನ ಹೆಸರು ಬರೆಸಿದವರು ಛೇರ್ಮನ್ನರಾದ ನಿಮ್ಮ ಅಣ್ಣ ಕೆಂಪಯ್ಯನವರೇ. "ನೀನೇನೂ ಮಾತಾಡ್ಬೇಕಾಗಿಲ್ಲ ಕಣಮ್ಮ. ನಾನು ಕೈ ಎತ್ತಿದಾಗ ನೀನೂ ಎತ್ತು, ಸಾಕು" ಅಂದಿದ್ದರು. ಹಾಗೆಯೇ ಎತ್ತುತ್ತ ಬಂದೆ. ಬೀದಿ ದೀಪಕ್ಕೂ ಎತ್ತಿದೆ, ದನದ ದೊಡ್ಡಿಗೂ ಎತ್ತಿದೆ, ಏನೆಂದು ತಿಳಿಯದ್ದಕ್ಕೂ ಎತ್ತಿದೆ.

ಯುಗಾದಿಗೆ ಮುಂಚೆ ಒಂದು ದಿನ ರಾಮಮಂದಿರದ ಕಡೆ ಹೋಗಿದ್ದೆ. ಬಾಲವಾಡಿ ಆಗ ಅದರ ಜಗಲಿಯ ಮೇಲೆ ನಡೆಯುತ್ತಿತ್ತಲ್ಲ. ಊರ ಮಕ್ಕಳು ನೆರಳಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ಕೇರಿಯ ಮಕ್ಕಳು ಬಿಸಿಲಲ್ಲಿ ಎಲೆ ಚಾಚಿಕೊಂಡು ನಿಂತಿದ್ದವು. ಕೇರಿಯ ಮೆಂಬರು ಲಿಂಗಯ್ಯನ ಮೊಮ್ಮಗಳು ಪುಟ್ಟಿ, ಇನ್ನೂ ಮಾತು ತೊದಲುವ ಕೂಸು, ಜಗಲಿಯ ಮೆಟ್ಟಿಲು ಹತ್ತಿಬಿಟ್ಟಿತು. ಆಯಾ ಅದನ್ನು ಗದರಿಸಿ ಇಳಿಸಿ, ಚೊಂಬು ತಂದು ಮೆಟ್ಟಿಲಿಗೆ ನೀರು ಸುರಿದಳು. ಕೂಸು ಅದನ್ನು ಆಟ ಅಂದುಕೊಂಡಿತು. ನಗುತ್ತ ಮತ್ತೆ ಹತ್ತಿ, ತನ್ನ ಕಾಲಿಗೂ ನೀರು ಹಾಕಲಿ ಎಂದು ಕಾಲು ಮುಂದೆ ಚಾಚಿತು. ಕಾದ ನೆಲದಲ್ಲಿ ನಿಂತು ಅದರ ಕಾಲು ಸುಡುತ್ತಿತ್ತು.

ನಾನು ಮನೆಗೆ ಬಂದು ನಿಮಗೆ ಮುದ್ದೆ ಬಡಿಸಿದೆ. ನಿಮಗೆ ಹೇಳಲಿಲ್ಲ.

ಅದಾದ ಮೇಲೆ ಸಭೆ ಬಂತು. ಹೊಸ ಬಾಲವಾಡಿಗೆ ಸರ್ಕಾರದ ದುಡ್ಡು ಬಂದಿತ್ತು. ಎಲ್ಲ ಮಕ್ಕಳೂ ಒಂದೇ ಸೂರಿನಡಿ ಕೂತು ಉಣ್ಣಬೇಕೆಂದು ಕಾಗದದಲ್ಲಿ ಬರೆದಿತ್ತು. ಕಟ್ಟಡ ಮಂದಿರದ ಪಕ್ಕದಲ್ಲೇ ಆಗಲಿ ಎಂದರು ಭಾವನವರು. ಅಲ್ಲಾದರೆ ಕೇರಿಯ ಮಕ್ಕಳು ಮತ್ತೆ ಹೊರಗೇ ಎಂದು ಎಲ್ಲರಿಗೂ ಗೊತ್ತಿತ್ತು. ಬಾಗಿಲ ಬಳಿ ನೆಲದ ಮೇಲೆ ಕೂತಿದ್ದ ಲಿಂಗಯ್ಯ, "ಊರ್ಗೂ ಕೇರಿಗೂ ನಡ್ವೆ ಗೋಮಾಳ ಐತಲ್ಲ ಬುದ್ದಿ, ಅಲ್ಲಾಗ್ಲಿ" ಅಂದ. ಗೋಮಾಳ ಅನ್ನುವವರು ಕೈ ಎತ್ತಿ ಎಂದಾಗ ನಾನು ಎತ್ತಿದೆ.

ತಪ್ಪಿ ಎತ್ತಿದ್ದೇನೆಂದೇ ಎಲ್ಲರೂ ತಿಳಿದರು. ಭಾವನವರು ಮೆತ್ತಗೇ ಹೇಳಿದರು, "ಇಳ್ಸಮ್ಮ, ಈಗ ಎತ್ತಾದಲ್ಲ."

"ಗೊತ್ತಾಗೇ ಎತ್ತಿವ್ನಿ ಬಾವ" ಅಂದೆ. ಅವರೆದುರು ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು.

ನನ್ನದೊಂದು ಕೈ ಸೇರಿ ಗೋಮಾಳ ಗೆದ್ದಿತು. ಆಗ ಅವರು ಆಡಿದ್ದು ಕಿಟಕಿಯಾಚೆ ಬೆಂಚಿನ ಮೇಲೆ ಕೂತಿದ್ದ ನಿಮಗೂ ಕೇಳಿಸಿತು. "ಹೆತ್ತಿಲ್ಲ, ಹೊತ್ತಿಲ್ಲ. ನಿಂಗ್ಯಾಕಮ್ಮ ಊರ ಮಕ್ಳ ಉಸಾಬರಿ?" ನಾನು ಕಿಟಕಿಯ ಕಡೆ ನೋಡಿದೆ. ನೀವು ಎದ್ದು ಹೋಗುತ್ತಿದ್ದಿರಿ. ಮಕ್ಕಳಾಗಲಿಲ್ಲವೆಂದು ನೀವು ಒಂದು ದಿನವೂ ನನ್ನನ್ನು ಅಂದವರಲ್ಲ. ಅಣ್ಣನಿಗೆ ಅವತ್ತು ಒಂದೇ ಒಂದು ಮಾತು ಹೇಳುತ್ತೀರಿ ಅಂದುಕೊಂಡಿದ್ದೆ.

ಮನೆ ಬಿಟ್ಟು ತಂಗಿಯ ಊರಿಗೆ ಹೊರಡುವಾಗ ನೀವು ಕೇಳಿದಿರಿ, "ಕೈ ಎತ್ತೋಕೆ ಮುಂಚೆ ನನ್ನ ಒಂದ್ ಮಾತು ಕೇಳ್ಬಾರ್ದಾಗಿತ್ತಾ ಅಮ್ಮಿ?" ಉತ್ತರ ಇದು: ಕೇಳಿದ್ದರೆ ಬೇಡ ಅನ್ನುತ್ತಿದ್ದಿರಿ. ನೀವು ಬೇಡ ಅಂದರೆ ನನ್ನ ಕೈ ಏಳುತ್ತಿರಲಿಲ್ಲ.

ಗೋಡೆ ಏಳಿಸಲು ಊರಿನವರು ಯಾರೂ ಬರಲಿಲ್ಲ. ಲಿಂಗಯ್ಯನ ಕಡೆಯವರೇ ಮಣ್ಣು ಕಲಸಿದರು, ಹೆಂಚು ಹೊತ್ತರು. ಬಾಗಿಲು ತೆರೆದ ದಿನ ಕೇರಿಯ ಮಕ್ಕಳಷ್ಟೇ ಬಂದದ್ದು. ಆಯಾ ಕೆಲಸ ಬಿಟ್ಟಳು. ಬೇರೊಬ್ಬಳು ಸಿಕ್ಕುವವರೆಗೆ ಉಪ್ಪಿಟ್ಟು ನಾನೇ ಕೆದಕುತ್ತಿದ್ದೇನೆ. ನಾನು ಬಾವಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸಿ, ಬಿಂದಿಗೆ ಎತ್ತಿಕೊಂಡು ಸರಿಯುತ್ತಾರೆ. ಮೊನ್ನೆ ವರಮಹಾಲಕ್ಷ್ಮಿ ಹಬ್ಬಕ್ಕೆ ಯಾರೂ ಕುಂಕುಮಕ್ಕೆ ಕರೆಯಲಿಲ್ಲ. ಒಮ್ಮೊಮ್ಮೆ ಬೆಳಗಿನಿಂದ ಸಂಜೆಯವರೆಗೂ ಹಸುವಿನ ಜೊತೆ ಬಿಟ್ಟರೆ ಮನೆಯಲ್ಲಿ ಮಾತೇ ಇರುವುದಿಲ್ಲ. ನಿಮ್ಮ ಕೆಮ್ಮು ಕೇಳಿದಂತಾಗಿ ಎದ್ದು ಪಡಸಾಲೆಗೆ ಹೋಗಿ ನೋಡುತ್ತೇನೆ.

ಹೋದ ವಾರ ಭಾವನವರ ಕಿರಿ ಸೊಸೆ ತನ್ನ ಮಗಳನ್ನು ಎತ್ತಿಕೊಂಡು ಹಿತ್ತಲ ದಾರಿಯಲ್ಲಿ ಬಾಲವಾಡಿಗೆ ಬಂದಳು. "ಇಲ್ಲಿ ಮಕ್ಳು ಆಡಾದು ಕೇಳ್ತಿದ್ದಂಗೇ ರಚ್ಚೆ ಇಡೀತಾಳೆ ಚಿಕ್ಕತ್ತೆ. ಮಾವಂಗೆ ಏಳ್ಬ್ಯಾಡಿ" ಅಂದಳು. ಮಗು ಇಳಿದು ಓಡಿಹೋಗಿ ಪುಟ್ಟಿಯ ಪಕ್ಕದಲ್ಲಿ ಕೂತಿತು. ಇಬ್ಬರಿಗೂ ಬಡಿಸಿದೆ. ಪುಟ್ಟಿ ತನ್ನ ಎಲೆಯಿಂದ ಅವಳ ಎಲೆಗೆ ಒಂದು ತುತ್ತು ಹಾಕಿತು. ಅದನ್ನೂ ಅವಳು ತಿಂದಳು. ನಿಮ್ಮ ಅಣ್ಣನ ಮೊಮ್ಮಗಳು, ನಿಮಗೂ ಮೊಮ್ಮಗಳೇ. ನೀವು ನೋಡಬೇಕಿತ್ತು.

ನನ್ನ ಮೇಲೆ ಕೋಪವಿದ್ದರೆ ಇಲ್ಲಿಗೇ ಬಂದು ಕೋಪಿಸಿಕೊಳ್ಳಿ. ನಿಮ್ಮ ಮನೆ ಇದು.

ಇಂತು,
ನಿಮ್ಮ
ಇಂದ್ರಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯಲೋ ಬೇಡವೋ ಅಂದುಕೊಂಡು ಬಿಟ್ಟಿದ್ದೆ. ಮೊಮ್ಮಗಳು ಅಲ್ಲಿ ಉಂಡ ಸುದ್ದಿ ಭಾವನವರಿಗೆ ತಿಳಿಯಿತು. ಬಾಲವಾಡಿಯನ್ನು ಮತ್ತೆ ಮಂದಿರಕ್ಕೆ ತರಬೇಕೆಂದು ಶುಕ್ರವಾರ ಸಭೆ ಕರೆದರು. ಸಭೆಗೆ ಮುಂಚೆ ನಮ್ಮ ಬಾಗಿಲಿಗೆ ಬಂದು, ನಾನು ರಾಜೀನಾಮೆಗೆ ರುಜು ಹಾಕಿದರೆ ನೀವು ಅದೇ ಸಂಜೆಯ ಬಸ್ಸಿಗೆ ಬರುತ್ತೀರಿ, ಹಾಗೆಂದು ನೀವೇ ಹೇಳಿಕಳಿಸಿದ್ದೀರಿ ಅಂದರು. ನಾನು ರುಜು ಹಾಕಲಿಲ್ಲ. ಸಭೆಯಲ್ಲಿ ಲಿಂಗಯ್ಯನ ಕಡೆಗೇ ಕೈ ಎತ್ತಿದೆ. ಬಾಲವಾಡಿ ಗೋಮಾಳದಲ್ಲೇ ಉಳಿಯಿತು. ನೀವು ಬರುವುದಿಲ್ಲವೆಂದು ಗೊತ್ತಿದ್ದೂ ಸಂಜೆ ಬಸ್ಸಿನ ಹತ್ತಿರ ಹೋಗಿ ನಿಂತಿದ್ದೆ. ಇಳಿಯುವವರೆಲ್ಲ ಇಳಿದ ಮೇಲೆ ಕಂಡಕ್ಟರು, "ಬಸ್ ಹತ್ತೀರೇನಮ್ಮ?" ಎಂದು ಕೇಳಿದ. ಇಲ್ಲ ಅಂದೆ.