ಬಾಗಿಲ ಮೇಲಿನ ನವಿಲು

ಪ್ರೀತಿಯ ಅಪ್ಪನಿಗೆ,

ವಿದ್ಯಾರ್ಥಿವೇತನ ಮಂಜೂರಾಗಿದೆ. ಇನ್ನು ಮೂರು ವರ್ಷ ಫೀಸಿನ ಚಿಂತೆಯಿಲ್ಲ, ಅಮ್ಮನಿಗೂ ಹೇಳು. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಉಳಿದದ್ದಕ್ಕೆ ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ.

ಮನೆ ನೋಡಲು ಕಾಲೇಜಿನವರು ಬರುತ್ತಾರೆಂದು ತಿಳಿದ ದಿನ, ಬಾಗಿಲ ಮೇಲಿನ ನವಿಲನ್ನು ಉಜ್ಜಿ ತೆಗೆ ಎಂದು ಹೇಳಿದವಳು ನಾನೇ. "ಇಷ್ಟು ಚೆಂದದ ಬಾಗಿಲು ನೋಡಿದ್ರೆ, ಇವರಿಗ್ಯಾಕೆ ಸಹಾಯ ಅಂತಾರೆ" ಎಂದೆ. ನೀನು ಉಪ್ಪುಕಾಗದ ಹಿಡಿದು ಉಜ್ಜುತ್ತಾ ಕೂತೆ.

ಆ ನವಿಲಿನ ನೀಲಿ ಬಣ್ಣ, ನೀನು ಔಷಧಿ ಅಂಗಡಿಯ ಬೋರ್ಡು ಬರೆದು ಉಳಿದದ್ದು. ಹಸಿರು ಶಾಲೆಯ ಗೇಟಿನದು. ಕಣ್ಣಿನ ಕಪ್ಪು ಯಾರದೋ ಲಾರಿಯ ನಂಬರಿನದು. ನನ್ನ ಪ್ರತಿ ಹುಟ್ಟುಹಬ್ಬಕ್ಕೂ ನೀನು ಒಂದೊಂದು ಗರಿ ಸೇರಿಸುತ್ತಿದ್ದೆ. ಡಬ್ಬದ ತಳ ಕೆರೆದು ಬರೆದದ್ದನ್ನು ಯಾರಾದರೂ ಶ್ರೀಮಂತಿಕೆ ಅಂದುಕೊಂಡಾರು ಎಂದು ಹೆದರಿದೆನಲ್ಲ!

ಬಂದ ಮೇಡಂ ಬಾಗಿಲು ಸವರಿ, "ಬೋರ್ಡ್ ಬರೆಯೋರ ಮನೆ ಬಾಗಿಲಿಗೇ ಬಣ್ಣ ಇಲ್ವಲ್ಲ?" ಎಂದರು.

"ಊರಿಗೆಲ್ಲ ಬಳಿಯೋದ್ರಲ್ಲಿ ಮನೆಗೆ ಪುರುಸೊತ್ತೇ ಸಿಗ್ಲಿಲ್ಲ ಮೇಡಂ" ಎಂದು ನೀನು ನಕ್ಕೆ. ನಾನು ನೆಲ ನೋಡುತ್ತಾ ನಿಂತಿದ್ದೆ.

ಹೋದ ವಾರ ನನ್ನ ಹದಿನೆಂಟನೇ ಹುಟ್ಟುಹಬ್ಬಕ್ಕೆ ಫೋನ್ ಮಾಡಿದೆಯಲ್ಲ, ಊಟ ಆಯ್ತಾ, ಹಾಸಿಗೆ ಸರಿಯಿದೆಯಾ ಎಂದು ಎಲ್ಲ ಕೇಳಿದೆ. ಗರಿಯ ಮಾತು ಮಾತ್ರ ಎತ್ತಲಿಲ್ಲ.

ರಜೆಗೆ ಬರುತ್ತೇನೆ. ಅಷ್ಟರೊಳಗೆ ಯಾರ ಬೋರ್ಡು ಬರೆದರೂ ಡಬ್ಬದ ತಳದಲ್ಲಿ ಒಂದಿಷ್ಟು ಉಳಿಸಿಡು. ಹದಿನೆಂಟು ಗರಿಗೆ ಸಾಲುವಷ್ಟು.

ಇಂತಿ,
ನಿನ್ನ ಬ್ರಷ್ ತೊಳೆಯುವವಳು