ಬಿಚ್ಚಿದ ಗೋಪುರ

ಶ್ರೀರಂಗಪಟ್ಟಣ
17-11-1995, ಶುಕ್ರವಾರ

ಸೌಭಾಗ್ಯವತಿ ಇಂದಿರಳಿಗೆ ನಿನ್ನ ಅತ್ತೆಯ ಆಶೀರ್ವಾದ.

ನಾನು ಯಾರೆಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳಿಯೇ ಮುಂದುವರಿಯುತ್ತೇನೆ. ಪಾರುಪತ್ತೇಗಾರರ ಮನೆಯ ಹಿರಿಯ ಸೊಸೆ, ಆ ಕಾಲದಲ್ಲೇ ಮೈಸೂರಿನಲ್ಲಿ ಹೈಸ್ಕೂಲು ಮುಗಿಸಿದವಳು, ಅಲ್ಲಿ ಧಾರವಾಡದ ಕಡೆಯ ಟೀಚರಿಂದ ಕಸೂತಿ ಕಲಿತು ಇಪ್ಪತ್ತೆರಡು ವರ್ಷಗಳಿಂದ ಈ ಪಡಸಾಲೆಯಲ್ಲಿ ಕಲಿಸುತ್ತಿರುವವಳು. ಪಾಂಡವಪುರ, ನಾಗಮಂಗಲದವರೂ ಮದುವೆ ಸೀರೆಯ ಸೆರಗಿಗೆ ರಂಗನಾಯಕಮ್ಮನ ಶಿಷ್ಯೆಯರನ್ನೇ ಹುಡುಕಿಕೊಂಡು ಬರುತ್ತಾರೆ. ಇಷ್ಟು ಎತ್ತರದಲ್ಲಿ ಕೂತಿದ್ದವಳು ಎಷ್ಟು ಕೆಳಗೆ ಇಳಿದಳೆಂದು ನಿನಗೆ ತಿಳಿಯಲಿ ಎಂದು ಇದನ್ನು ಹೇಳಿದೆ.

ನಿನ್ನ ಆರೋಗ್ಯ ಹೇಗಿದೆ? ಸಿಂಚನಳ ಕೆಮ್ಮು ನಿಂತಿತೇ? ಹೊಸಹೊಳಲಿನ ಕೆರೆ ಗಾಳಿ ಒಳ್ಳೆಯದಲ್ಲ, ಸಂಜೆ ಅವಳ ತಲೆಗೆ ಕುಲಾವಿ ಹಾಕು. ನಿನ್ನ ತಂದೆಯವರ ಮಂಡಿನೋವು ಈಗ ಹೇಗಿದೆ? ಅದನ್ನು ಕೇಳುವ ಯೋಗ್ಯತೆ ನನಗಿಲ್ಲ, ಆದರೂ ಕೇಳಿದ್ದೇನೆ. ಇಲ್ಲಿ ನಿನ್ನ ಮಾವನವರು ಕ್ಷೇಮ. ಶ್ರೀಕರ ನಿನ್ನನ್ನು ಕರೆಯಲು ಎರಡು ಸಲ ಬಂದು ಒಬ್ಬನೇ ಹಿಂತಿರುಗಿದ. ನೀನು ಏನು ಹೇಳಿ ಕಳಿಸಿದೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಡುಗೆ ನಾನೇ ಮಾಡುತ್ತೇನೆ. ಸಾರಿಗೆ ಕೆಲವು ದಿನ ಉಪ್ಪು ಎರಡು ಸಲ ಬೀಳುತ್ತದೆ. ತಂದೆ ಮಗ ಇಬ್ಬರೂ ತಲೆ ಎತ್ತದೆ ಊಟ ಮಾಡಿ ಏಳುತ್ತಾರೆ.

ಆಷಾಢದ ಆ ಮಧ್ಯಾಹ್ನದ ವಿಷಯಕ್ಕೆ ಬರುತ್ತೇನೆ. ನಿನ್ನ ತಂಗಿಯ ಧಾರೆ ಸೀರೆಯ ಸೆರಗಿಗೆ ನೀನು ಗವಂತಿ ಹೊಲಿಗೆಯಲ್ಲಿ ಗೋಪುರ ಹಾಕಿದ್ದೆ. ನಾನು ಅದನ್ನು ತೊಡೆಯ ಮೇಲೆ ಹರಡಿಕೊಂಡು, ಎರಡು ಎಳೆ ತಪ್ಪಿದೆ, ಬಿಚ್ಚು ಎಂದೆ. ನೀನು ಬಿಚ್ಚಿ ಮತ್ತೆ ಹಾಕಿದೆ. ಮತ್ತೆ ಬಿಚ್ಚಿಸಿದೆ. ಮೂರನೆಯ ಸಲ ಬಿಚ್ಚಿದಾಗ ರೇಷ್ಮೆ ಜುಂಗೆದ್ದು, ಸೂಜಿಯ ತೂತುಗಳು ಮುಚ್ಚಿಕೊಳ್ಳದೆ ಉಳಿದವು. ಆಗ ನೀನು "ಅತ್ತೆ, ಒಂದ್ಸಲ ನೀವೇ ಎಣಿಸಿ ನೋಡಿ" ಎಂದೆ, ಅಷ್ಟೇ. ಹದಿನಾಲ್ಕು ಜನ ಹೆಂಗಸರು ಕೂತಿದ್ದರು. ಅವರೆಲ್ಲರ ಮುಂದೆ ನಾನು ಹೇಳಿದ್ದು ಇದು: "ಗೋಣಿಚೀಲ ಹೊಲಿಯೋ ಮನೆಯಿಂದ ಬಂದವಳಿಗೆ ಎಳೆ ಎಣಿಸೋಕೆ ಎಲ್ಲಿ ಬರಬೇಕು? ನಿನ್ನ ಕೈಗೆ ದಬ್ಬಣವೇ ಸರಿ." ನಿನ್ನ ತಂದೆಯವರು ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದು ನಿನ್ನನ್ನು ಓದಿಸಿದ್ದನ್ನು ನಾನು ಹೀಗೆ ಎತ್ತಿ ಆಡಿದೆ. ನೀನು ಸೀರೆ ಮಡಿಸಿ, ಮಗುವನ್ನು ಎತ್ತಿಕೊಂಡು ಕೆ.ಆರ್. ಪೇಟೆಯ ಬಸ್ಸು ಹತ್ತಿದೆ. ಶ್ರಾವಣದಲ್ಲಿ ನಿನ್ನ ತಂಗಿಗೆ ಬೇರೆ ಸೀರೆಯಲ್ಲಿ ಧಾರೆಯಾಯಿತು. ಆ ಮದುವೆಗೆ ನಾನು ಬರಲಿಲ್ಲ.

ಹೋದ ಶುಕ್ರವಾರ ಅರಕೆರೆಯ ಪುಟ್ಟತಾಯಮ್ಮ ತಾನು ಹೊಲಿದ ಆನೆ ಸಾಲು ತೋರಿಸಲು ತಂದಳು. ನಿನಗೆ ಗೊತ್ತಲ್ಲ, ಡೈರಿಗೆ ಹಾಲು ಹಾಕಿ ಅದೇ ಓಟದಲ್ಲಿ ಬಸ್ಸು ಹಿಡಿದು ಬರುವವಳು, ಯಾರಿಗೂ ಹೆದರದವಳು. ನಾನು ಎಂದಿನಂತೆ, ಎರಡು ಎಳೆ ತಪ್ಪಿದೆ ನೋಡು ಎಂದು ಬೆರಳಿಟ್ಟೆ. ಅವಳು ಕದಲಲಿಲ್ಲ. "ಅವ್ವಾರೆ, ನೀವು ಕೈ ಇಕ್ಕಿರೋದು ಆನೆ ಮ್ಯಾಲಲ್ಲ, ನಿಮ್ ಸೀರೆ ನೆರಿಗೆ ಮ್ಯಾಲೆ" ಎಂದಳು. ಹಿಂದೆ ಯಾರೋ ಕಿಸಕ್ಕೆಂದು ಸುಮ್ಮನಾದರು. ನಾನು ರೇಗಿದೆ. ಅದಕ್ಕೆ ಅವಳು ಹೇಳಿದ ಮಾತು ಕೇಳು: "ಒಂದು ವರ್ಸದಿಂದ ನಾವ್ಯಾರೂ ಬಿಚ್ಚೇ ಇಲ್ಲ ಕಣವ್ವಾ. ಮಾರ್ನೇ ದಿನ ಅದ್ನೇ ತಂದು ತೋರಿಸ್ತಿದ್ವಿ, ನೀವು ಈಗ ಸರಿಯಾಯ್ತು ಅಂತಿದ್ರಿ. ನಿಮ್ ಸೊಸೆ ಒಬ್ಳೇ ನಿಜವಾಗ್ಲೂ ಬಿಚ್ಚಿದ್ದು."

ಇಂದಿರಾ, ಆ ಮೇಲೆ ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು ಎನ್ನಿಸಿತು.

ಗವಂತಿಯಲ್ಲಿ ಹೋಗುವಾಗ ಒಂದೊಂದು ಹೊಲಿಗೆಯ ಮನೆ ಬಿಟ್ಟು ಹೋಗಿ, ಬರುವಾಗ ಬಿಟ್ಟದ್ದನ್ನು ತುಂಬುತ್ತ ಬರುತ್ತೇವೆ. ಒಂದೇ ಎಳೆ ತಪ್ಪಿದ್ದರೂ ಹೊರಟ ಜಾಗಕ್ಕೆ ಬಂದು ಗೆರೆ ಕೂಡುವುದಿಲ್ಲ. ನಿನ್ನ ಗೋಪುರ ಮೂರು ಸಲವೂ ಕೂಡಿತ್ತು. ಎಲ್ಲರಿಗೂ ಮೊದಲ ದಿನವೇ ಈ ಪಾಠ ಹೇಳುವ ನಾನು ಇದನ್ನು ಯೋಚಿಸಲಿಲ್ಲ. ಯೋಚಿಸಲಿಲ್ಲ ಎನ್ನುವುದೂ ಸುಳ್ಳು. ಹೋದ ವರ್ಷದ ಯುಗಾದಿಯಿಂದ ನನಗೆ ಒಂದು ದೀಪ ಎರಡಾಗಿ ಕಾಣುತ್ತಿತ್ತು. ಹುಡುಗಿಯರಿಗೆ ಅಭ್ಯಾಸವಾಗಲಿ ಎಂದು ಹೇಳಿ ನನ್ನ ಸೂಜಿಗೆ ಅವರಿಂದಲೇ ದಾರ ಪೋಣಿಸಿಕೊಳ್ಳುತ್ತಿದ್ದೆ. ಎಳೆ ಕಾಣದವಳು ಗುರುವಿನ ಮಣೆಯ ಮೇಲೆ ಕೂರಲು ಇದ್ದ ದಾರಿ ಒಂದೇ: ಎಲ್ಲರದ್ದೂ ತಪ್ಪು ಎನ್ನುವುದು. ಅವರು ನನ್ನ ಮಾತನ್ನು ನಂಬಲಿಲ್ಲ, ಬಚಾವಾದರು. ನೀನು ನಂಬಿದೆ.

ಬಾ ಎಂದು ಕರೆಯಲು ಈ ಕಾಗದವಲ್ಲ. ಬರುವುದು ಬಿಡುವುದು ನಿನ್ನ ಇಷ್ಟ, ಶ್ರೀಕರನಿಗೂ ಅದನ್ನೇ ಹೇಳಿದ್ದೇನೆ. ಕಣ್ಣಿನ ಪೊರೆ ತೆಗೆಸಲು ಬುಧವಾರ ಅವನ ಜೊತೆ ಮೈಸೂರಿಗೆ ಹೋಗುತ್ತೇನೆ. ನಿನ್ನ ತಂದೆತಾಯಿಗೆ ನನ್ನ ನಮಸ್ಕಾರ ತಿಳಿಸು. ಸಿಂಚನಳಿಗೆ ಅಜ್ಜಿಯ ಮುತ್ತು. ನಿನಗೆ ಎಲ್ಲ ಒಳ್ಳೆಯದಾಗಲಿ.

ನಿನ್ನ ಅತ್ತೆ,
ರಂಗನಾಯಕಮ್ಮ

ಮರೆತ ಮಾತು: ಅಕ್ಷರ ನನ್ನದಲ್ಲವೆಂದು ನಿನಗೆ ಆಗಲೇ ಗೊತ್ತಾಗಿರುತ್ತದೆ. ಅಂದು ಇದ್ದ ಆ ಹದಿನಾಲ್ಕು ಜನರನ್ನೂ ಇವತ್ತು ಕೂರಿಸಿಕೊಂಡು, ಎಲ್ಲರಿಗೂ ಕೇಳುವಂತೆ ನಾನು ಹೇಳುತ್ತ ಹೋದೆ, ಪುಟ್ಟತಾಯಮ್ಮ ಬರೆದಳು. ಗೋಣಿಚೀಲದ ಮಾತು ಬಂದಾಗ "ಇದೊಂದ ಬುಟ್ಬುಡಾನ ಕಣವ್ವಾ" ಎಂದು ಪೆನ್ನು ಎತ್ತಿದಳು. ಬಿಡಬೇಡ, ಬರೆ ಎಂದೆ. ಕಾಗುಣಿತದಲ್ಲಿ ತಪ್ಪಿದ್ದರೆ ಅವಳದು. ಮಿಕ್ಕ ತಪ್ಪೆಲ್ಲ ನನ್ನದು.