ಬೆರಳು ನಿಮ್ಮದು, ಕಿವಿ ಯಾರದು?

ಗೋವಿನಕೋವಿ
೧೪-೨-೧೯೮೩

ಮಾವನಿಗೆ ಪ್ರೇಮಾಳ ನಮಸ್ಕಾರಗಳು.

ಗಂಡನಿಗೆ ಬರೆಯುವಾಗ ಹೀಗೆ ಕರೆಯಬಾರದೆಂದು ಅವ್ವ ಹೇಳುತ್ತಾಳೆ. ಏನು ಮಾಡಲಿ, ಅವ್ವನ ತಮ್ಮನೆಂದು ಮಾತು ಕಲಿತಾಗಿನಿಂದ ಮಾವ ಎಂದೇ ಕರೆದ ಬಾಯಿ, ಐದು ವರ್ಷದ ಸಂಸಾರಕ್ಕೆ ತಿದ್ದಿಕೊಳ್ಳಲಿಲ್ಲ. ನಾವಿಲ್ಲಿ ಕ್ಷೇಮವೆಂದು ಬರೆಯುವುದು ವಾಡಿಕೆ. ಬರೆದೆನೆಂದು ತಿಳಿದುಕೊಳ್ಳಿ.

ನಿನ್ನೆ ಅಜ್ಜಿ ಸಂತೇಬೆನ್ನೂರಿನಿಂದ ಬಂದಿದ್ದಳು. ನಿಮ್ಮನ್ನು ಹೆತ್ತವಳು ನನಗೆ ಅತ್ತೆಯಾದರೂ ನಾನು ಅಜ್ಜಿ ಎನ್ನುವುದನ್ನು ಬಿಟ್ಟಿಲ್ಲ. ನನ್ನ ತಂಗಿ ರುದ್ರಾಣಿಯನ್ನು ನಿಮಗೆ ಕೇಳಿದಳು. "ದೊಡ್ಡಾಕಿ ಹೊಟ್ಯಾಗೆ ಕಿವುಡು ಹುಟ್ಟಿತು, ಸಣ್ಣಾಕಿನ್ನ ತಂದ್ಕೊಂಡ್ರೆ ಮನೆ ನೆಟ್ಟಗಾಗ್ತೈತೆ" ಅಂದಳು. ಅವ್ವ ತಲೆ ಎತ್ತದೆ ಅಕ್ಕಿ ಆರಿಸುತ್ತಿದ್ದಳು. ನೀವೂ ಒಪ್ಪಿದ್ದೀರಂತೆ. ಅದನ್ನು ನಿಮ್ಮ ಬಾಯಿಂದ ಕೇಳಿಲ್ಲವಾದ್ದರಿಂದ ಈ ಕಾಗದ.

ಜಗಳವಾಡುವ ಶಕ್ತಿ ನನ್ನಲ್ಲಿ ಉಳಿದಿಲ್ಲ. ದೀಪಾವಳಿ ಕಳೆದು ಮಗುವನ್ನೆತ್ತಿಕೊಂಡು ನಿಮ್ಮ ಹೊಸಿಲು ದಾಟಿದಾಗಲೇ ಅದು ಮುಗಿಯಿತು. ಆದರೆ ಹೋದ ವಾರ ಹಾಲೇಶನನ್ನು ಕಿವಿ ತೋರಿಸಲು ದಾವಣಗೆರೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಡಾಕ್ಟರಮ್ಮ ಹೇಳಿದ್ದನ್ನು ನೀವು ಕೇಳಲೇಬೇಕು.

ಪ್ರತಿಯೊಂದು ಗುಣಕ್ಕೂ ಅಪ್ಪನದೊಂದು, ಅವ್ವನದೊಂದು ಪಾಲು ಬರುತ್ತದಂತೆ. ಕೆಲವು ಗುಣಗಳು ಜೋರಿನವು, ಒಂದೇ ಪಾಲಿದ್ದರೂ ಮುಂದೆ ಬಂದು ನಿಲ್ಲುತ್ತವೆ. ನಿಮ್ಮ ಮನೆಯ ಆರನೆಯ ಬೆರಳು ಅಂಥದ್ದು: ಅಜ್ಜಿಗೆ, ನಿಮಗೆ, ಈಗ ಹಾಲೇಶನಿಗೆ. ಇನ್ನು ಕೆಲವು ಮುಗುಮ್ಮಾಗಿ ಕೂತಿರುತ್ತವೆ. ಒಂದೇ ಪಾಲಿದ್ದವರಿಗೆ ಏನೂ ಆಗುವುದಿಲ್ಲ, ಗೊತ್ತೂ ಆಗುವುದಿಲ್ಲ. ಎರಡೂ ಕಡೆಯಿಂದ ಬಂದು ಕೂಡಿದರೆ ಮಾತ್ರ ಮಗುವಿನ ಕಿವಿ ಮುಚ್ಚುತ್ತದೆ. "ಅರ್ಧ ನಿಂದು, ಅರ್ಧ ನಿನ್ನ ಗಂಡಂದು ಕಣಮ್ಮ. ರಕ್ತ ಹತ್ತಿರದ್ದಾದಷ್ಟೂ ಅವು ಕೂಡೋದು ಸಲೀಸು" ಎಂದರು.

ಇದನ್ನು ಅಜ್ಜಿಗೆ ಹೇಳಿ, ಜಗಳೂರಿನಲ್ಲಿದ್ದ ಅವಳ ಅಣ್ಣ ಪಂಚಾಕ್ಷರಪ್ಪಜ್ಜನಿಗೆ ಯಾಕೆ ಕಿವಿ ಕೇಳುತ್ತಿರಲಿಲ್ಲ, ಮಾತು ಬರುತ್ತಿರಲಿಲ್ಲ ಎಂದು ಕೇಳಿದೆ. "ಜ್ವರ ಬಂದು ಹಂಗಾಗಿದ್ದ" ಅಂದಳು. ಯಾವಾಗ ಬಂದ ಜ್ವರ ಎಂದೆ. "ನಾ ಕಂಡಾಗಿಂದ್ಲೂ ಮೂಗನೇ" ಎಂದವಳು, ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಿಟ್ಟಳು.

ಹಾಲೇಶ ಹುಟ್ಟಿದಾಗ ಆ ಬೆರಳಿಗೆ ಬೆಳ್ಳಿ ಉಂಗುರ ತೊಡಿಸಿ ನಮ್ಮ ವಂಶದ ಗುರುತೆಂದು ಊರಿಗೆಲ್ಲ ತೋರಿಸಿದವಳು ಇವಳೇ. ತಟ್ಟೆ ಬಡಿದರೂ ಬೆಚ್ಚದ ಅವನಿಗೆ ಕಿವಿ ಕೇಳದೆಂದು ತಿಳಿದಾಗ ನನ್ನಪ್ಪನ ಕಡೆಯ ರಕ್ತವೆಂದಳು. ನೀವು ಸುಮ್ಮನೆ ಕೂತಿದ್ದಿರಿ. ಬೆರಳು ನಿಮ್ಮದಾದರೆ ಕಿವಿ ಯಾರದು, ಮಾವ? ಅವತ್ತಿನಿಂದ ನಿಮ್ಮ ಮೇಲೆ ಸಿಟ್ಟಿದೆ.

ನನ್ನಲ್ಲಿ ಅಡಗಿದ್ದದ್ದು ರುದ್ರಾಣಿಯಲ್ಲೂ ಇರಬಹುದು, ಇಲ್ಲದೆಯೂ ಇರಬಹುದು. ನೋಡಿ ಹೇಳಲು ಯಾರಿಗೂ ಬಾರದಂತೆ. ನಿಮ್ಮಲ್ಲಂತೂ ಇದೆ. ನಾಳೆ ಅವಳ ಮಡಿಲಿಗೂ ಇಂಥದೇ ಮಗು ಬಂದರೆ ಮೂರನೆಯವಳನ್ನು ಎಲ್ಲಿಂದ ತರುತ್ತೀರಿ? ಅವ್ವ ಹೆತ್ತದ್ದು ಇಬ್ಬರನ್ನೇ. ಹೊನ್ನಾಳಿಯ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ ನಿನ್ನೆಯಿಂದ ಊಟ ಬಿಟ್ಟಿದ್ದಾಳೆ, ನನ್ನ ಮುಖ ನೋಡುತ್ತಿಲ್ಲ.

ಹಾಲೇಶ ಬಸ್ಸಿನ ಧೂಳು ಕಂಡರೆ ರಸ್ತೆಗೆ ಓಡುತ್ತಾನೆ, ನೀವು ಇಳಿಯುತ್ತೀರೆಂದು. ಹಿಂದೆ ಓಡಿ ಓಡಿ ನನಗೆ ಸಾಕಾಗಿದೆ. ಒಲ್ಲೆ ಎಂಬ ಒಂದು ಮಾತನ್ನು ನೀವೇ ಅಜ್ಜಿಗೆ ಹೇಳಿ. ಬೇರೇನೂ ಕೇಳುತ್ತಿಲ್ಲ.

ನಿಮ್ಮ ಅಕ್ಕನ ಮಗಳು, ಇನ್ನೂ ನಿಮ್ಮ ಹೆಂಡತಿ,
ಪ್ರೇಮಾ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಬಿಟ್ಟದ್ದು. ನನಗೀಗ ನಾಲ್ಕನೆಯ ತಿಂಗಳು. ಅವ್ವನಿಗೂ ಹೇಳಿಲ್ಲ. ನಾಲ್ಕರಲ್ಲಿ ಮೂರು ಪಾಲು ಕಿವಿ ಕೇಳುವ ಮಗುವೇ ಆದೀತೆಂದು ಡಾಕ್ಟರಮ್ಮ ಹೇಳಿದ್ದಾರೆ, ಉಳಿದ ಒಂದು ಪಾಲನ್ನೂ ಹೇಳಿದ್ದಾರೆ. ಬರುವುದಾದರೆ ಈಗಲೇ ಬನ್ನಿ. ತಟ್ಟೆ ಬಡಿದಾಗ ಕೂಸು ಬೆಚ್ಚಿತೆಂಬ ಸುದ್ದಿ ತಿಳಿದು ಬರುವುದಾದರೆ ಬರಬೇಡಿ.